ಬೀಜವನ್ನು ಕಾಯುವಂತೆ ಮಾಡುವ ಜೀನ್‌ಗಳು

ಬೀಜದ ಬೆಳವಣಿಗೆ ಎಂದರೆ ನಾವು ದ್ವಿನಿಷೇಚನದ ಚಿತ್ರ ಬರೆದು ಮುಗಿಸಿಬಿಡುತ್ತೇವೆ. ಒಂದು ಗಂಡು ಲಿಂಗಾಣು ಅಂಡಾಣುವನ್ನು ಸೇರಿ ಭ್ರೂಣವಾಗುತ್ತದೆ, ಇನ್ನೊಂದು ಕೇಂದ್ರಕೋಶವನ್ನು ಸೇರಿ ಭ್ರೂಣಾಹಾರವಾಗುತ್ತದೆ. ಹೊರಕವಚ ಪೂರ್ತಿ ತಾಯಿಯದು. ನನಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆಯದೇ: ಬೇರು, ಕಾಂಡ, ಬೀಜದಳಗಳ ಮೊದಲ ರೂಪ ಭ್ರೂಣದಲ್ಲಿ ಮೂಡಿದ ಮೇಲೂ ಅದು ತಾಯಿಗಿಡದ ಮೇಲೆಯೇ ಯಾಕೆ ಮೊಳೆಯುವುದಿಲ್ಲ?

ಕೆಲವು ಸಲ ಮೊಳೆಯುತ್ತದೆ. ಸ್ಪ್ಯಾನಿಷ್ ಗೊಂಚಲು ಮಾದರಿಯ ಶೇಂಗಾದಲ್ಲಿ ಹೊಸ ಬೀಜಕ್ಕೆ ಸುಪ್ತಾವಸ್ಥೆ, ಅಂದರೆ ಮೊಳೆಯದೆ ಮಲಗಿರುವ ಸ್ಥಿತಿ, ಇಲ್ಲವೆನ್ನುವಷ್ಟು ಕಡಿಮೆ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ನೆಲದೊಳಗೇ ಮೊಳಕೆಯೊಡೆಯುತ್ತದೆ, ರೈತನ ಫಸಲು ಹಾಳು. ಹಾಗಾಗಿ ಬೀಜ ಸುಮ್ಮನಿರುವುದು ತಾನಾಗಿ ಆಗುವ ಸಂಗತಿಯಲ್ಲ, ಜೀನ್‌ಗಳು ಆಗಮಾಡುವ ಕೆಲಸ.

ಇದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ಮೆಕ್ಕೆಜೋಳದ ವಿಪಿ1 ಜೀನ್. ಆ ಜೀನ್ ಕೆಟ್ಟಿರುವ ತೆನೆಯನ್ನು ಹತ್ತಿರದಿಂದ ನೋಡಿ: ಕಾಳುಗಳು ತೆನೆಯಲ್ಲಿದ್ದಾಗಲೇ ಮೊಳೆತಿರುತ್ತವೆ. ನೇರಳೆ ಬಣ್ಣ ಬರಬೇಕಿದ್ದ ತಳಿಯಾದರೆ ಆ ಕಾಳುಗಳಿಗೆ ಬಣ್ಣವೂ ಇರುವುದಿಲ್ಲ. ಬಣ್ಣಕ್ಕೂ ಮೊಳಕೆಗೂ ಏನು ಸಂಬಂಧ? ವಿಪಿ1 ತಯಾರಿಸುವುದು ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನು. ಅದು ಚಾಲೂ ಮಾಡುವವುಗಳಲ್ಲಿ ಆಂಥೋಸಯಾನಿನ್ ಬಣ್ಣವನ್ನು ನಿಯಂತ್ರಿಸುವ ಸಿ1 ಕೂಡ ಒಂದು. ಒಂದೇ ಜೀನ್ ಹೋದರೆ ಎರಡು ಲಕ್ಷಣ ಹೋಗುವುದು ಯಾಕೆ ಎಂಬುದು ಇಲ್ಲಿ ಅರ್ಥವಾದರೆ, ನಿಯಂತ್ರಕ ಜೀನ್ ಎಂದರೇನು ಎಂಬುದೂ ಅರ್ಥವಾದಂತೆಯೇ.

ಸಾಸಿವೆಯ ನೆಂಟ, ಪ್ರಯೋಗಾಲಯದ ನೆಚ್ಚಿನ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಇದೇ ಜೀನಿನ ಹೆಸರು ಎಬಿಐ3. ಅದು ತೀವ್ರವಾಗಿ ಕೆಟ್ಟಾಗ ಬೀಜ ಬಲಿತರೂ ಹಸಿರಾಗಿಯೇ ಉಳಿಯುತ್ತದೆ, ಒಣಗಿಸಿದರೆ ಸಾಯುತ್ತದೆ. ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು 'ಮೊಳೆಯಬೇಡ' ಎಂದರೂ ಅದಕ್ಕೆ ಕೇಳಿಸದು. ಎಬಿಐ3 ಒಬ್ಬಂಟಿಯಲ್ಲ, ಲೆಕ್1, ಲೆಕ್2, ಫಸ್3 ಅದರ ಜೊತೆಗಾರರು. ಲೆಕ್1 ಬಿಟ್ಟು ಉಳಿದ ಮೂರರ ಪ್ರೋಟೀನುಗಳಲ್ಲೂ ಬಿ3 ಎಂಬ ಭಾಗವಿದೆ. ಅದು ಡಿಎನ್‌ಎಯಲ್ಲಿ ಸಿಎಟಿಜಿಸಿಎ ಎಂಬ ಸರಣಿಯನ್ನು ಹುಡುಕಿ ಕೂರುತ್ತದೆ. ಸಂಗ್ರಹ ಪ್ರೋಟೀನುಗಳ ಜೀನ್‌ಗಳ ಮುಂದೆ ಈ ಸರಣಿ ಇರುತ್ತದೆ. ಕಾಳಿನಲ್ಲಿ ಪ್ರೋಟೀನು, ಎಣ್ಣೆ ತುಂಬುವುದು, ಒಣಗಿದಾಗ ಜೀವಕೋಶವನ್ನು ಕಾಪಾಡುವ ಎಲ್‌ಇಎ ಪ್ರೋಟೀನುಗಳು ಬರುವುದು, ಎಲ್ಲ ಈ ತಂಡದ ಉಸ್ತುವಾರಿಯಲ್ಲೇ.

ಲೆಕ್2 ಅನ್ನು ಬೇಡದ ಕಡೆ ಚಾಲೂ ಮಾಡಿದರೆ ಏನಾಗುತ್ತದೆ ಎಂಬುದು ನನಗೆ ಈಗಲೂ ರೋಮಾಂಚನ ತರುವ ಪ್ರಯೋಗ: ನಿಷೇಚನವೇ ಇಲ್ಲದೆ ಸಸಿಯ ಸಾಮಾನ್ಯ ಅಂಗಾಂಶದ ಮೇಲೆ ಭ್ರೂಣಗಳು ಹುಟ್ಟುತ್ತವೆ!

ಸುಪ್ತಾವಸ್ಥೆಯ ಆಳವನ್ನು ಡಾಗ್1 ಎಂಬ ಇನ್ನೊಂದು ಜೀನ್ ನಿರ್ಧರಿಸುತ್ತದೆ. ತಾಯಿಗಿಡ ತಂಪಿನಲ್ಲಿ ಬೀಜ ಬಲಿಸಿದರೆ ಡಾಗ್1 ಹೆಚ್ಚುತ್ತದೆ, ಬೀಜ ಇನ್ನಷ್ಟು ಗಾಢವಾಗಿ ಮಲಗುತ್ತದೆ. ಪರೀಕ್ಷೆಯಲ್ಲಿ ಪರಿಸರ ಮತ್ತು ಜೀನ್‌ಗಳ ನಂಟಿಗೆ ಉದಾಹರಣೆ ಕೇಳಿದರೆ ಇದನ್ನೇ ಬರೆಯಿರಿ.

ಮೊಳೆತ ಮೇಲೆ ಈ ಇಡೀ ತಂಡ ಬಾಯಿಮುಚ್ಚಲೇಬೇಕು. ಪಿಕಲ್ ಎಂಬ ಜೀನ್ ಆ ಕೆಲಸದಲ್ಲಿ ನೆರವಾಗುತ್ತದೆ, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳಾದ ಹಿಸ್ಟೋನ್‌ಗಳ ಮೇಲಿನ ರಾಸಾಯನಿಕ ಗುರುತುಗಳು ಬೀಗ ಹಾಕುತ್ತವೆ. ಪಿಕಲ್ ಕೆಟ್ಟ ಕೆಲವು ಸಸಿಗಳ ಬೇರು ಊದಿಕೊಂಡು ಹಸಿರಾಗುತ್ತದೆ, ಬೀಜದಲ್ಲಿರಬೇಕಿದ್ದ ಎಣ್ಣೆಯನ್ನು ತಾನೇ ತುಂಬಿಕೊಳ್ಳುತ್ತದೆ.