ಮೈದಾನಕ್ಕೆ ಮಳೆನೀರು: ಟ್ಯಾಂಕ್ ತುಂಬಬೇಕಾದ್ದು ಚಿತ್ತ ಮಳೆಗೆ

ತೀರ್ಥಹಳ್ಳಿ, ಹೊಸನಗರ ಕಡೆಯ ಯುವಕ ಸಂಘದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಎಷ್ಟು ಲೀಟರಿನ ಟ್ಯಾಂಕ್ ಕಟ್ಟಿಸಬೇಕು?" ನಾನು ತಿರುಗಿ ಕೇಳುತ್ತೇನೆ: "ಬೇಸಿಗೆಯಲ್ಲಿ ಎಷ್ಟು ವಾರ ಆಡ್ತೀರಿ?"

ನಮ್ಮಲ್ಲಿ ನೀರು ಹಿಡಿಯುವುದು ಕಷ್ಟವಲ್ಲ. ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಮೈದಾನದ ಪಕ್ಕ 200 ಚದರ ಮೀಟರಿನ ಶೀಟ್ ಛಾವಣಿ ಇದೆ ಅಂದುಕೊಳ್ಳಿ. ಆರಿದ್ರಾ ಮಳೆ ಒಂದೇ ದಿನ 100 ಮಿ.ಮೀ. ಹೊಯ್ದರೆ, ಸಿಡಿದು ಸೋರಿ ಹೋದದ್ದು ಕಳೆದರೂ 17,000 ಲೀಟರ್ ಸಿಗುತ್ತದೆ. 20,000 ಲೀಟರಿನ ಟ್ಯಾಂಕ್ ಎರಡನೇ ದಿನಕ್ಕೇ ಭರ್ತಿ. ಆಮೇಲೆ ಮಳೆಗಾಲ ಪೂರ್ತಿ ಚೆಲ್ಲುತ್ತಲೇ ಇರುತ್ತದೆ. ಆಗ ಮೈದಾನಕ್ಕೆ ನೀರೇ ಬೇಡ, ಅಲ್ವಾ? ಬೇಕಾಗುವುದು ಜನವರಿ ಕಳೆದ ಮೇಲೆ, ಟೂರ್ನಮೆಂಟ್ ಹೊತ್ತಿನಲ್ಲಿ.

ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕಿನ ನೀರನ್ನು ಶೌಚಾಲಯಕ್ಕೆ, ಕೆಸರು ಕಾಲು ತೊಳೆಯಲು ಧಾರಾಳವಾಗಿ ಬಳಸಿ. ಸೆಪ್ಟೆಂಬರಿನಲ್ಲಿ ಒಮ್ಮೆ ಖಾಲಿ ಮಾಡಿ, ತಳದ ಕೆಸರು ತೆಗೆದು ತೊಳೆಯಿರಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನವರೆಗೆ ಬರುವ ಹಸ್ತ, ಚಿತ್ತ ಮಳೆಗೆ ಮತ್ತೆ ತುಂಬಿಸಿ, ಮುಚ್ಚಿಡಿ. ಬೇಸಿಗೆಗೆ ಉಳಿಯುವುದು ಈ ನೀರು. ಶಿಕಾರಿಪುರದ ಕಡೆ ಮಳೆ ಕಡಿಮೆ, ಅಲ್ಲಿ ಅಷ್ಟು ತಡ ಮಾಡಬೇಡಿ, ಆಗಸ್ಟಿನಲ್ಲೇ ತೊಳೆದುಬಿಡಿ.

ಇಷ್ಟು ನೀರು ಯಾವುದಕ್ಕೆ ಸಾಕು? ವಾಲಿಬಾಲ್ ಅಂಕಣ 18 × 9 ಮೀಟರ್. ಸುತ್ತ ಮೂರು ಮೀಟರ್ ಸೇರಿಸಿದರೆ 360 ಚದರ ಮೀಟರ್. ಧೂಳು ಕೂರಿಸಲು ಚದರ ಮೀಟರಿಗೆ 2 ಲೀಟರ್ ಅಂದರೆ ಒಂದು ಸಲಕ್ಕೆ 720 ಲೀಟರ್. ವಾರಕ್ಕೆ ಮೂರು ಸಲ ಚಿಮುಕಿಸಿದರೆ ಒಂಬತ್ತು ವಾರ ನಡೆಯುತ್ತದೆ. ಫುಟ್‌ಬಾಲ್ ಮೈದಾನದ ಹುಲ್ಲಿನ ಲೆಕ್ಕವೇ ಬೇರೆ. 105 × 68 ಮೀಟರ್ ಮೈದಾನಕ್ಕೆ 5 ಮಿ.ಮೀ.ನಷ್ಟು ನೀರು ಕೊಡಲು ಒಂದು ಸಲಕ್ಕೇ 35,700 ಲೀಟರ್ ಬೇಕು. ಬಾವಿ ಅಥವಾ ಹೊಂಡ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಗರಿಕೆ ಹುಲ್ಲು ಬೇಸಿಗೆಯಲ್ಲಿ ಕಂದಿದರೂ ಬೇರು ಬದುಕಿರುತ್ತದೆ, ಮಳೆ ಬಿದ್ದಾಗ ಚಿಗುರುತ್ತದೆ.

ಹೆಚ್ಚು ಕಡೆ ಕೆಡುವುದು ಛಾವಣಿಯಿಂದ ಇಳಿಯುವ ಪೈಪಿನಲ್ಲಿ. ಗಂಟೆಗೆ 100 ಮಿ.ಮೀ. ವೇಗದ ಮಳೆಗೆ ನಾಲ್ಕಿಂಚಿನ ಒಂದು ಪೈಪ್ ಸುಮಾರು 85 ಚದರ ಮೀಟರ್ ಛಾವಣಿಯ ನೀರನ್ನಷ್ಟೇ ಇಳಿಸಬಲ್ಲದು. ನಮ್ಮ 200 ಚದರ ಮೀಟರಿಗೆ ಮೂರು ಪೈಪ್ ಬೇಕು. ಖರ್ಚು ಉಳಿಸಲು ಒಂದೇ ಹಾಕಿದರೆ ದೋಣಿ (ಛಾವಣಿಯ ಅಂಚಿನಲ್ಲಿ ನೀರು ಹಿಡಿಯುವ ಉದ್ದನೆಯ ತೊಟ್ಟಿ) ತುಂಬಿ, ನೀರು ಗೋಡೆ ಬುಡಕ್ಕೆ ಸುರಿಯುತ್ತದೆ. ದೋಣಿಯನ್ನು ಪೈಪಿನ ಕಡೆ ಸ್ವಲ್ಪ ಇಳಿಜಾರು ಕೊಟ್ಟು ಕೂರಿಸಿ, ಪೈಪಿನ ಬಾಯಿಗೆ ಜಾಲರಿ ಹಾಕಿ. ಮೊದಲ ಮಳೆಯ ನೀರಿನಲ್ಲಿ ತರಗೆಲೆ, ಹಕ್ಕಿ ಹಿಕ್ಕೆ, ಧೂಳು ಎಲ್ಲ ಬರುತ್ತದೆ. 1 ಮಿ.ಮೀ. ಮಳೆಯಷ್ಟು, ಅಂದರೆ 200 ಲೀಟರ್ ಹೊರಗೆ ಬಿಡಲು ಬೇರೆ ಕವಲು ಇಡಿ. ಜುಲೈಯಲ್ಲಿ ಬಿಡದೆ ಸುರಿಯುವಾಗ ಛಾವಣಿ ತೊಳೆದೇ ಇರುತ್ತದೆ. ಈ ಕವಲಿನ ಕೆಲಸ ಜಾಸ್ತಿ ಇರುವುದು ಮೇ ತಿಂಗಳಲ್ಲಿ, ಮತ್ತೆ ಬಿಡುವು ಕೊಟ್ಟು ಬರುವ ಹಸ್ತ ಮಳೆಯಲ್ಲಿ.

ಇನ್ನು ಮೈದಾನದ ನೆಲ. ನಮ್ಮ ಊರುಗಳ ಬಹಳಷ್ಟು ಮೈದಾನಗಳು ಗುಡ್ಡ ಕಡಿದು ಮಾಡಿದವು. ಒಂದು ಬದಿ ಧರೆ, ಅಂದರೆ ಕಡಿದ ಗುಡ್ಡದ ಕಡಿದಾದ ಗೋಡೆ; ಇನ್ನೊಂದು ಬದಿ ತುಂಬಿಸಿದ ಮಣ್ಣು. ಧರೆಯ ಮೇಲಿನಿಂದ ನುಗ್ಗುವ ನೀರು ಮೈದಾನಕ್ಕೆ ಇಳಿಯದಂತೆ ಮೇಲುಗಡೆ ಕಾಲುವೆ ತೆಗೆದು ಪಕ್ಕದ ಹಳ್ಳಕ್ಕೆ ತಿರುಗಿಸಿ. ಒಳಗೆ ಮಧ್ಯದಿಂದ ಅಂಚಿಗೆ ನೂರಕ್ಕೆ ಒಂದರ ಇಳಿಜಾರು ಇರಲಿ, ಅಂಚಿಗೆ ಬಸಿಗಾಲುವೆ ಇರಲಿ.

ಇದೊಂದು ಮಾತ್ರ ದಯವಿಟ್ಟು ಕೇಳಿ. ಧರೆಯ ತಲೆ ಮೇಲೆ ಅಥವಾ ತುಂಬಿಸಿದ ಮಣ್ಣಿನ ಅಂಚಿನಲ್ಲಿ ಇಂಗುಗುಂಡಿ ತೆಗೆಯಬೇಡಿ. ಬಯಲುಸೀಮೆಯಲ್ಲಿ ಒಳ್ಳೆಯದಾದ ಕೆಲಸ ಇಲ್ಲಿ ಅಪಾಯ. ನೀರು ಕುಡಿದ ಮಣ್ಣು ಭಾರವಾಗಿ, ಹಿಡಿತ ಕಳೆದುಕೊಂಡು ಜಾರುತ್ತದೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಇಂಗಿಸಲೇಬೇಕು ಅಂದರೆ ಗಟ್ಟಿ ನೆಲದಲ್ಲಿ, ಇಳಿಜಾರಿನಿಂದ ದೂರ ಇಂಗಿಸಿ; ಜಾಗದ ಬಗ್ಗೆ ಅನುಮಾನವಿದ್ದರೆ ಎಂಜಿನಿಯರಿಗೆ ತೋರಿಸಿ.

ಟ್ಯಾಂಕಿನ ಮುಚ್ಚಳಕ್ಕೆ, ಹೊರಹರಿವಿನ ಪೈಪಿಗೆ ಸೊಳ್ಳೆ ಪರದೆ ಕಟ್ಟಿ, ಡೆಂಗಿ ಭಯ ನಮ್ಮಲ್ಲೂ ಇದೆ. ನಲ್ಲಿಯ ಮೇಲೆ 'ಕುಡಿಯುವ ನೀರಲ್ಲ' ಎಂದು ದೊಡ್ಡದಾಗಿ ಬರೆಸಿ. ದೋಣಿ ಸ್ವಚ್ಛ ಮಾಡುವವರು ಯಾರು ಎಂಬುದನ್ನು ಏಪ್ರಿಲ್ ಸಭೆಯಲ್ಲೇ ಹೆಸರು ಹಿಡಿದು ಗೊತ್ತು ಮಾಡಿ.