ಸಂಜೆ ಆರರ ನೂಕುನುಗ್ಗಲಿಗೆ ಮಧ್ಯಾಹ್ನ ಮೂರರ ಮದ್ದು

ದಿನಸಿ ಅಂಗಡಿಗಳಿಗೆ ಆನ್‌ಲೈನ್ ಆರ್ಡರ್ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ ಬರುವವರೆಲ್ಲ ಒಂದೇ ಆಸೆ ತೋರಿಸುತ್ತಾರೆ. ಆ್ಯಪ್ ಇದ್ದರೆ ಗಿರಾಕಿಗಳು ಜಾಸ್ತಿ ಬರುತ್ತಾರಂತೆ. ಬರಬಹುದು, ಬರದೆಯೂ ಇರಬಹುದು. ಬಡಾವಣೆಯಲ್ಲಿ ಮನೆಗಳು ಇರುವಷ್ಟೇ ಇರುತ್ತವೆ ಅಲ್ವಾ? ನನ್ನ ಕುತೂಹಲ ಬೇರೆ ಕಡೆ ಇದೆ. ಫೋನಿನಲ್ಲಿ ಚೀಟಿ ಕಳಿಸಿ, ಆಮೇಲೆ ಅಂಗಡಿಗೇ ಬಂದು ಚೀಲ ಎತ್ತಿಕೊಂಡು ಹೋಗುವ ಪದ್ಧತಿ ಇದೆಯಲ್ಲ, ಅದರಿಂದ ಒಬ್ಬ ಹೊಸ ಗಿರಾಕಿಯೂ ಬರದಿದ್ದರೂ, ಸಾಮಾನು ಕಟ್ಟುವ ಕೆಲಸ ಒಂದು ನಿಮಿಷವೂ ಕಮ್ಮಿ ಆಗದಿದ್ದರೂ, ಸಂಜೆಯ ನೂಕುನುಗ್ಗಲು ಹೆಚ್ಚುಕಮ್ಮಿ ಮಾಯವಾಗುತ್ತದೆ. ಇದಕ್ಕೆ ಲೆಕ್ಕ ಇದೆ. ಆ ಲೆಕ್ಕ ಇಂಟರ್‌ನೆಟ್‌ಗಿಂತ ಎಷ್ಟೋ ಹಳೆಯದು.

ಸಂಜೆ ಆರು ಗಂಟೆಗೆ ಯಾವುದಾದರೂ ದಿನಸಿ ಅಂಗಡಿಯ ಮುಂದೆ ನಿಂತು ನೋಡಿ. ಗಲ್ಲಾಪೆಟ್ಟಿಗೆ ಹತ್ತಿರ ಒಬ್ಬರು ತಿಂಗಳ ಸಾಮಾನಿನ ಚೀಟಿ ಹಿಡಿದು ನಿಂತಿದ್ದಾರೆ. ಅಂಗಡಿಯವರು ಗೋಣಿಯಿಂದ ತೊಗರಿಬೇಳೆ ತೋಡಿ ತಕ್ಕಡಿಗೆ ಸುರಿದು, ಎರಡು ಕಾಳು ವಾಪಸ್ ತೆಗೆದು, ಕವರಿನ ಬಾಯಿ ಕಟ್ಟುತ್ತಾರೆ. ಆಮೇಲೆ ಉದ್ದಿನಬೇಳೆ. ಆಮೇಲೆ ‘ಬ್ಯಾಡಗಿ ಇದೆಯಾ, ಗುಂಟೂರಾ?’ ಅನ್ನುವ ಚರ್ಚೆ. ಹಿಂದೆ ಸೋಪು, ಬೆಂಕಿಪೊಟ್ಟಣ, ಅರ್ಧ ಲೀಟರ್ ಹಾಲು ಬೇಕಾದವರು ಚಿಲ್ಲರೆ ಕೈಯಲ್ಲಿ ಹಿಡಿದು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತಿರುತ್ತಾರೆ. ‘ಇವತ್ತು ಯಾರ ಮುಖ ನೋಡಿ ಎದ್ದೆನೋ, ನಾನು ಬಂದಾಗಲೇ ಇಂಥೋರು ಮುಂದೆ ಇರ್ತಾರೆ’ ಅಂತ ಒಬ್ಬರಾದರೂ ಗೊಣಗುತ್ತಾರೆ.

ಯಾರ ಮುಖದ ತಪ್ಪೂ ಇಲ್ಲ. ಲೆಕ್ಕ ಮಾಡೋಣ.

ಹತ್ತು ಗಿರಾಕಿಗಳಲ್ಲಿ ಒಂಬತ್ತು ಜನರಿಗೆ ತಲಾ ಒಂದು ನಿಮಿಷ ಸಾಕು, ಹತ್ತನೆಯವರ ಚೀಟಿಗೆ 21 ನಿಮಿಷ ಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 30 ನಿಮಿಷದ ಕೆಲಸ, ತಲೆಗೆ ಸರಾಸರಿ 3 ನಿಮಿಷ. ಅಂಗಡಿಯವರಿಗೆ ನೂರಕ್ಕೆ 80 ಭಾಗ ಹೊತ್ತು ಕೆಲಸ ಇದೆ, 20 ಭಾಗ ಬಿಡುವಿದೆ. ಗಿರಾಕಿಗಳು ಹೇಗೆಂದರೆ ಹಾಗೆ, ತಮಗೆ ತೋಚಿದ ಹೊತ್ತಿಗೆ ಬರುತ್ತಾರೆ. ಈಗ ನೀವು ಒಂದು ಸೋಪಿಗೆ ಹೋದಿರಿ. ಅಂಗಡಿಯವರ ಕೈ ಬಿಡುವಿಲ್ಲ. ಯಾರ ಕೆಲಸ ನಡೆಯುತ್ತಿರಬಹುದು? ಹತ್ತರಲ್ಲಿ ಒಂಬತ್ತು ಜನ ಸೋಪಿನವರು, ಹಾಗಾಗಿ ಸೋಪಿನವರದ್ದೇ ಇರಬೇಕು ಅಂತ ಅನಿಸುತ್ತದೆ. ಅಲ್ಲ. 30 ನಿಮಿಷದಲ್ಲಿ 21 ನಿಮಿಷ ಚೀಟಿಯವರದ್ದೇ. ಅಂದರೆ ನೂರಕ್ಕೆ 70 ಸಲ ನೀವು ಚೀಟಿಯ ನಡುವೆಯೇ ಹೋಗಿ ಸಿಕ್ಕಿಕೊಳ್ಳುತ್ತೀರಿ. ಸಿಕ್ಕಿಕೊಂಡ ಮೇಲೆ ಉಳಿದಿರುವ ಕೆಲಸವೂ ಉದ್ದ, ಸರಾಸರಿ ಹತ್ತೂವರೆ ನಿಮಿಷ.

ಇಲ್ಲಿ ಉದ್ದದ ಕೆಲಸ ಎರಡು ಸಲ ಹೊಡೆಯುತ್ತದೆ. ಅದು ಹೊತ್ತನ್ನು ಜಾಸ್ತಿ ಆಕ್ರಮಿಸಿಕೊಂಡಿರುವುದರಿಂದ ನೀವು ಅದಕ್ಕೇ ಎದುರಾಗುವ ಸಾಧ್ಯತೆ ಜಾಸ್ತಿ, ಎದುರಾದ ಮೇಲೆ ಕಾಯಬೇಕಾದ್ದೂ ಜಾಸ್ತಿ. ಅದಕ್ಕೇ ಸರಾಸರಿ ಕಾಯುವಿಕೆ ಲೆಕ್ಕ ಹಾಕುವ ಸೂತ್ರದಲ್ಲಿ ಕೆಲಸದ ಹೊತ್ತಿನ ಬದಲು ಹೊತ್ತಿನ ವರ್ಗ ಬರುತ್ತದೆ. ಶಾಲೆಯಲ್ಲಿ ಕಲಿತ ಅದೇ ವರ್ಗ, 21 ಗುಣಿಸು 21, 441. ಎಲ್ಲರಿಗೂ ಸರಿಯಾಗಿ 3 ನಿಮಿಷ ಹಿಡಿಯುವ ಅಂಗಡಿಯಾಗಿದ್ದರೆ ಸರಾಸರಿ ಕಾಯುವಿಕೆ 6 ನಿಮಿಷ ಆಗುತ್ತಿತ್ತು. ಅಷ್ಟೇ ಕೆಲಸ ಒಂಬತ್ತು ಸೋಪು, ಒಂದು ಚೀಟಿ ಅಂತ ಹಂಚಿಹೋದರೆ ಅದು 30 ನಿಮಿಷ. ಐದು ಪಟ್ಟು! ಅಂಗಡಿಯವರು ಸೋಮಾರಿಯಾಗಿದ್ದಾರಾ? ಇಲ್ಲ. ಗಿರಾಕಿ ಜಾಸ್ತಿ ಬಂದರಾ? ಅದೂ ಇಲ್ಲ.

ಈಗ ಆ ಚೀಟಿಯನ್ನು ಮಾತ್ರ ಸಂಜೆಯಿಂದ ಎತ್ತಿ ಮಧ್ಯಾಹ್ನ ಮೂರಕ್ಕೆ ಹಾಕಿ. ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರದ ಹೊತ್ತು ಅದು, ಅಂಗಡಿಯವರು ಪೇಪರ್ ಓದುತ್ತಾ ಕೂತಿರುತ್ತಾರೆ. 20 ನಿಮಿಷದ ಕಟ್ಟುವ ಕೆಲಸ ಆಗಲೇ ಮುಗಿಯಿತು. ಸಂಜೆ ಚೀಟಿಯವರು ಬಂದು ಚೀಲ ತೆಗೆದುಕೊಂಡು ದುಡ್ಡು ಕೊಡಲು ಒಂದು ನಿಮಿಷ. ಎಲ್ಲರಿಗೂ ತಲಾ ಒಂದು ನಿಮಿಷವೇ ಆಯಿತು. ಅದೇ ಸೂತ್ರಕ್ಕೆ ಹಾಕಿದರೆ ಸರಾಸರಿ ಕಾಯುವಿಕೆ ಎಷ್ಟು ಗೊತ್ತಾ? 11 ಸೆಕೆಂಡ್.

ಈ 30 ನಿಮಿಷ ಅನ್ನುವುದು ಗಂಟೆಗಟ್ಟಲೆ ಇದೇ ಹದದಲ್ಲಿ ನಡೆದರೆ ಸಿಗುವ ಸರಾಸರಿ. ನಿಜವಾದ ಸಂಜೆ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಕೆಲವರು ಸಾಲು ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಜಾಣ ಅಂಗಡಿಯವರು ‘ಒಂದು ಸೋಪು ತಾನೇ, ತಗೊಳ್ಳಿ’ ಅಂತ ಚೀಟಿಯ ಮಧ್ಯೆಯೇ ನಿಮ್ಮನ್ನು ಸಾಗಹಾಕುತ್ತಾರೆ. ಕಂಪ್ಯೂಟರಿನವರು ಚಿಕ್ಕ ಕೆಲಸ ಮೊದಲು ಅನ್ನುವ ಈ ನಿಯಮಕ್ಕೆ ದೊಡ್ಡ ಹೆಸರಿಟ್ಟು ಪಾಠ ಮಾಡುತ್ತಾರೆ. ಆದರೆ ಹಾಗೆ ನಾಲ್ಕು ಸಲ ಕೈ ಬಿಟ್ಟರೆ ಐದನೇ ಸಲ ‘ಸಾಸಿವೆ ಹಾಕಿದ್ನಾ ಇಲ್ವಾ’ ಅನ್ನುವ ಅನುಮಾನ ಶುರುವಾಗುತ್ತದೆ, ಚೀಲ ಪೂರ್ತಿ ಬಿಚ್ಚಬೇಕಾಗುತ್ತದೆ.

ಇನ್ನು ಸಾಲಿನ ಲೆಕ್ಕ ಶುರುವಾದ ಕತೆ. ಇದು ಬಿಟ್ಟರೆ ನನಗೆ ಸಮಾಧಾನ ಇಲ್ಲ. ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್ ಅನ್ನುವ ಗಣಿತಜ್ಞ 1908ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಗೆ ಸೇರಿದ. ಆಗ ಫೋನ್ ಮಾಡಿದರೆ ಎಕ್ಸ್‌ಚೇಂಜಿನಲ್ಲಿ ಕೂತವರು ಕೈಯಿಂದ ತಂತಿ ಜೋಡಿಸಬೇಕಿತ್ತು. ಎಷ್ಟು ಲೈನು, ಎಷ್ಟು ಆಪರೇಟರು ಇದ್ದರೆ ಜನ ಕಾಯದೆ ಮಾತಾಡಬಹುದು ಅನ್ನುವುದು ಪ್ರಶ್ನೆ. ತಂತಿಗಳಿಂದ ಆಚೆ ಹರಿಯುವ ವಿದ್ಯುತ್ತನ್ನು ಅಳೆಯುವ ಕೆಲಸವೂ ಅವನ ತಲೆಗೇ ಬಿದ್ದಿತ್ತು, ಅದಕ್ಕೆ ಈ ಮನುಷ್ಯ ಏಣಿ ಹೊತ್ತ ಒಬ್ಬ ಆಳನ್ನು ಕರೆದುಕೊಂಡು ಬೀದಿ ಬೀದಿ ಸುತ್ತಿ ಮ್ಯಾನ್‌ಹೋಲ್‌ಗಳಿಗೆ ಇಳಿಯುತ್ತಿದ್ದನಂತೆ. 1909ರಲ್ಲಿ ಅವನ ಮೊದಲ ಪ್ರಬಂಧ ಬಂತು. ನಾವು ಮೇಲೆ ಬಳಸಿದ ಸೂತ್ರವನ್ನು ಫೆಲಿಕ್ಸ್ ಪೊಲಾಚೆಕ್ 1930ರಲ್ಲಿ ಕೊಟ್ಟ, ಎರಡು ವರ್ಷದ ನಂತರ ರಷ್ಯಾದ ಖಿಂಚಿನ್ ಅದನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿದ. ಮಜಾ ಏನೆಂದರೆ, ಎರಿಕ್ಸನ್ ಕಂಪನಿಯವರು 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಮಾಡಿದ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಎರ್ಲಾಂಗ್, ವಾಟ್ಸ್ಆ್ಯಪ್‌ನ ಸರ್ವರುಗಳನ್ನು ಕಟ್ಟಿದ್ದು ಅದೇ ಭಾಷೆಯಲ್ಲಿ. ನೀವು ವಾಟ್ಸ್ಆ್ಯಪಿನಲ್ಲಿ ‘ಎರಡು ಕೆಜಿ ಸಕ್ಕರೆ’ ಅಂತ ಕಳಿಸಿದಾಗೆಲ್ಲ ಆ ಪುಣ್ಯಾತ್ಮನ ಹೆಸರು ಒಳಗೆಲ್ಲೋ ಓಡಾಡುತ್ತಿರುತ್ತದೆ.

ಅಮೆರಿಕದ ಸೂಪರ್‌ಮಾರ್ಕೆಟ್‌ಗಳಿಗೆ ಈ ಪಿಕಪ್ ಪದ್ಧತಿ ದುಬಾರಿ. ಕಾರಣ ಚರಿತ್ರೆಯಲ್ಲಿದೆ. ಅಲ್ಲೂ ಮೊದಲು ಗಿರಾಕಿ ಚೀಟಿ ಕೊಡುತ್ತಿದ್ದ, ಅಂಗಡಿ ಹುಡುಗ ಸಾಮಾನು ತಂದು ಕೊಡುತ್ತಿದ್ದ. 1916ರಲ್ಲಿ ಮೆಂಫಿಸ್ ಊರಿನ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅನ್ನುವ ಅಂಗಡಿ ತೆರೆದು, ಬುಟ್ಟಿ ಹಿಡಿದು ನೀವೇ ಆರಿಸಿಕೊಳ್ಳಿ ಅಂದ. ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಂಡ. ಅಲ್ಲಿಂದಾಚೆ ಸಾಮಾನು ಆರಿಸುವ ಕೆಲಸವನ್ನು ಗಿರಾಕಿಯೇ ಬಿಟ್ಟಿಯಾಗಿ ಮಾಡುತ್ತಾ ಬಂದ. ಆನ್‌ಲೈನ್ ಆರ್ಡರ್ ಬಂದಿದ್ದೇ ಆ ಕೆಲಸ ಮತ್ತೆ ಅಂಗಡಿಯ ತಲೆಗೆ ಬಂತು, ಅದಕ್ಕೆ ಸಂಬಳ ಕೊಟ್ಟು ಜನ ಇಡಬೇಕಾಯಿತು. ನಮ್ಮ ದಿನಸಿ ಅಂಗಡಿಯವರು ಆ ಕೆಲಸವನ್ನು ಬಿಟ್ಟಿದ್ದೇ ಇಲ್ಲ. ಅವರಿಗೆ ಹೊಸ ಖರ್ಚು ಏನೂ ಇಲ್ಲ, ಹೊತ್ತು ಬದಲಾಗುತ್ತದೆ ಅಷ್ಟೇ. ಇದನ್ನು ಬಿಟ್ಟು ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಕಂಪನಿಗಳ ಜೊತೆ ಪೈಪೋಟಿಗೆ ಇಳಿಯುವುದು ಸುಮ್ನೆ ಕೈ ಸುಟ್ಟುಕೊಳ್ಳುವ ಕೆಲಸ.

ಶುರು ಮಾಡಲು ಆ್ಯಪ್ ಬೇಡ. ವಾಟ್ಸ್ಆ್ಯಪ್ ಬಿಸಿನೆಸ್ ನಂಬರು, ಜಾಸ್ತಿ ಹೋಗುವ ಸಾಮಾನುಗಳ ಒಂದು ಪಟ್ಟಿ, ಒಂದು ರಫ್ ಬುಕ್ಕು ಸಾಕು. ಆದರೆ ‘ಸಂಜೆ ಬಂದು ತಗೊಳ್ಳಿ’ ಅಂದರೆ ಕೆಟ್ಟಿತು, ಎಲ್ಲರೂ ಆಫೀಸು ಬಿಟ್ಟು ಆರೂವರೆಗೇ ಬರುತ್ತಾರೆ. ಕಾಲು ಗಂಟೆಗೆ ಇಷ್ಟೇ ಜನ ಅಂತ ಹೊತ್ತು ಹಂಚಿ. ಚೀಲದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬುಕ್ಕಿನ ನಂಬರನ್ನೇ ದಪ್ಪಗೆ ಬರೆಯಿರಿ. ಹೆಸರು ಬರೆದರೆ ಒಂದೇ ಬೀದಿಯಲ್ಲಿ ಮೂರು ಜನ ಮಂಜುಳಾ ಇರುತ್ತಾರೆ. ದುಡ್ಡನ್ನು ಮೊದಲೇ ತಗೋಬೇಡಿ. ಒಂದು ಕೆಜಿ ಬೆಲ್ಲ ಕೇಳಿದರೆ ಅಚ್ಚು ಒಂದು ಕೆಜಿ ಅರವತ್ತು ಗ್ರಾಂ ತೂಗುತ್ತದೆ, ಆಮೇಲೆ ನಾಲ್ಕು ರೂಪಾಯಿ ಯಾರು ಯಾರಿಗೆ ಕೊಡಬೇಕು ಅನ್ನುವ ರಗಳೆ. ಕಟ್ಟಿ, ತೂಗಿ, ಬಿಲ್ಲಿನ ಫೋಟೋ ಕಳಿಸಿದ ಮೇಲೆ ಯುಪಿಐ.

ಇದಕ್ಕಿಂತ ತೊಡಕಿನ ವಿಷಯ ಸ್ಟಾಕು. ಕಂಪ್ಯೂಟರ್ ‘ಮೂರು ಪ್ಯಾಕೆಟ್ ಇದೆ’ ಅಂದರೆ ನಂಬಬೇಡಿ. ಡಿಹೊರೇಷಿಯಸ್ ಮತ್ತು ಅನಂತ್ ರಾಮನ್ ಅನ್ನುವ ಸಂಶೋಧಕರು ಅಮೆರಿಕದ ಒಂದು ದೊಡ್ಡ ಕಂಪನಿಯ 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ. 65 ದಾಖಲೆಗಳು ತಪ್ಪಾಗಿದ್ದವು. ಬಾರ್‌ಕೋಡು, ಸ್ಕ್ಯಾನರು ಎಲ್ಲ ಇದ್ದ ಅಂಗಡಿಗಳ ಕತೆ ಇದು. ಇಲಿ ತೂತು ಮಾಡಿದ ಪ್ಯಾಕೆಟ್ಟು, ಬಿಲ್ ಹಾಕದೆ ಮನೆಗೆ ಒಯ್ದ ರವೆ, ಎರಡು ಬಣ್ಣದ ಸೋಪಿಗೆ ಒಂದೇ ಕೋಡು ಒತ್ತಿದ್ದು, ಇವೆಲ್ಲ ಯಾವ ಸಾಫ್ಟ್‌ವೇರಿಗೂ ಕಾಣುವುದಿಲ್ಲ. ಉಪಾಯ ಸರಳ. ನಾಲ್ಕೈದು ಉಳಿದಾಗಲೇ ಆನ್‌ಲೈನ್ ಪಟ್ಟಿಯಲ್ಲಿ ‘ಖಾಲಿ’ ಅಂತ ಹಾಕಿ, ಉಳಿದದ್ದು ಅಂಗಡಿಗೆ ಬಂದವರಿಗೆ ಇರಲಿ.

ಇನ್ನೊಂದು ತೊಡಕು ಇದೆ. ಒಂದೇ ನಂಬರಿನ ವಾಟ್ಸ್ಆ್ಯಪನ್ನು ಅಪ್ಪನ ಫೋನಿಗೂ ಮಗನ ಕಂಪ್ಯೂಟರಿಗೂ ಜೋಡಿಸಿರುತ್ತಾರೆ. ಅದೇ ಆರ್ಡರನ್ನು ಅಪ್ಪ ಗೋದಾಮಿನಲ್ಲಿ ಕಟ್ಟುತ್ತಾರೆ, ಮಗ ಅಂಗಡಿಯಲ್ಲಿ ಕಟ್ಟುತ್ತಾನೆ. ಆರ್ಡರ್ ನೋಡುವುದು, ಅದನ್ನು ‘ನಂದು’ ಅಂತ ಗುರುತು ಹಾಕುವುದು, ಇವೆರಡರ ನಡುವೆ ಬಿರುಕು ಇದ್ದರೆ ಅದರಲ್ಲಿ ಇನ್ನೊಬ್ಬರು ನುಗ್ಗುತ್ತಾರೆ. ಕೊನೆಯ ಒಂದು ಸೀಟಿಗೆ ಒಂದೇ ಕ್ಷಣದಲ್ಲಿ ಇಬ್ಬರು ಗುಂಡಿ ಒತ್ತಿದರೆ ರೈಲ್ವೆ ಕಂಪ್ಯೂಟರಿಗೂ ಇದೇ ಸಂಕಟ. ಅದಕ್ಕೇ ಅಲ್ಲಿ ನೋಡುವುದನ್ನೂ ಹಿಡಿಯುವುದನ್ನೂ ಬಿಡಿಸಲಾಗದ ಒಂದೇ ಹೆಜ್ಜೆ ಮಾಡಿರುತ್ತಾರೆ. ಅಂಗಡಿಯಲ್ಲಿ ಆ ಕೆಲಸವನ್ನು ಬುಕ್ಕು ಮಾಡುತ್ತದೆ. ಬುಕ್ಕಿನಲ್ಲಿ ಬರೆಯದೆ ಯಾರೂ ಚೀಲ ಮುಟ್ಟಬಾರದು. ಬುಕ್ಕು ಒಂದೇ ಇರಬೇಕು.

ಬೋಣಿಯ ತಕರಾರೂ ಬರುತ್ತದೆ. ರಾತ್ರಿ ಹನ್ನೆರಡಕ್ಕೆ ಬಂದ ಆರ್ಡರು ಯಾವ ದಿನದ ಬೋಣಿ, ದುಡ್ಡು ಸಂಜೆ ಬಂದರೆ ಬೋಣಿಯೇ ಸಾಲದ ಲೆಕ್ಕ ಆಯಿತಲ್ಲ ಅಂತ ಹಳಬರು ತಲೆ ಕೆಡಿಸಿಕೊಳ್ಳುತ್ತಾರೆ. ದೀಪ ಹಚ್ಚಿದ ಮೇಲೆ ಉಪ್ಪು ಕೊಡದ ಅಂಗಡಿಗಳು ಇನ್ನೂ ಇವೆ. ಮಧ್ಯಾಹ್ನ ಕಟ್ಟಿಟ್ಟ ಚೀಲದೊಳಗಿನ ಉಪ್ಪು ಸಂಜೆ ಏಳಕ್ಕೆ ಹೊಸಿಲು ದಾಟಿದರೆ ಲಕ್ಷ್ಮಿ ಏನು ಮಾಡಬೇಕು? ವ್ಯಾಪಾರ ಕಮ್ಮಿಯಾದರೆ ದೃಷ್ಟಿ ತಗುಲಿತು ಅಂತ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರು, ಸಾಲು ನೋಡಿ ವಾಪಸ್ ಹೋದ ಗಿರಾಕಿಗಳನ್ನು ಒಂದು ವಾರ ಎಣಿಸಿದರೆ ದೃಷ್ಟಿ ಎಲ್ಲಿಂದ ತಗುಲಿತು ಅಂತ ತಿಳಿಯುತ್ತದೆ. ನನಗೆ ಈ ವಿಷಯದಲ್ಲಿ ತಾಳ್ಮೆ ಕಮ್ಮಿ.

ಗೌರಿ ಗಣೇಶದ ಹಿಂದಿನ ದಿನ ಮಾತ್ರ ಈ ಸೂತ್ರ ಕೈ ಕೊಡುತ್ತದೆ. ಕೆಲಸ ನೂರಕ್ಕೆ ನೂರು ದಾಟಿದರೆ ಸರಾಸರಿ ಅನ್ನುವುದೇ ಇಲ್ಲ, ಶಟರ್ ಎಳೆಯುವವರೆಗೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಆವತ್ತು ಖಾಲಿ ಮಧ್ಯಾಹ್ನವೂ ಸಿಗುವುದಿಲ್ಲ. ಹಾಗಾಗಿ ಹಬ್ಬದ ಚೀಟಿಗಳನ್ನು ಎರಡು ದಿನ ಮೊದಲೇ ತೆಗೆದುಕೊಂಡು, ಹಿಂದಿನ ದಿನ ಬೆಳಿಗ್ಗೆಯಿಂದ ಆನ್‌ಲೈನ್ ಆರ್ಡರ್ ಬಂದ್ ಮಾಡಿಬಿಡಬೇಕು. ಬೇಜಾರಾಗುವವರು ಆಗಲಿ, ಮುಂದಿನ ವರ್ಷ ಮೊದಲೇ ಕಳಿಸುತ್ತಾರೆ.