ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಹಿರಿಯರೊಬ್ಬರು ಲ್ಯಾಪ್‌ಟಾಪನ್ನು ಎರಡೆರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಶಿರಸಿಯ ನನ್ನ ಅಂಗಡಿಗೆ ಬಂದರು. "ತಮಾ, ಅಳಿಯ ಹೊಸ ಡಿಸ್ಕ್ ಹಾಕಿಕೊಟ್ಟ. ಆವಾಗಿಂದ ಇದು ಏಳ್ತೇ ಇಲ್ಲೆ" ಎಂದರು. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಬೂಟ್ ಆಗುವ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ, ಡಿಸ್ಕ್ ಸಿಗಲಿಲ್ಲ. ಹದಿನೈದು ವರ್ಷ ರಾತ್ರಿಯಿಡೀ ಕೂತು ಅವರು ರೆಕಾರ್ಡ್ ಮಾಡಿಕೊಂಡ ಯಕ್ಷಗಾನದ ಆಟಗಳೆಲ್ಲ ಆ ಲ್ಯಾಪ್‌ಟಾಪಿನಲ್ಲಿದ್ದವು. ಎಲ್ಲ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಅದಕ್ಕೆ ಒಪ್ಪದೆ ಬಸ್ಸು ಹತ್ತಿ ಬಂದದ್ದು ಅವರ ಪುಣ್ಯ.

ಹೀಗೆ ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೊಸ ಎಸ್‌ಎಸ್‌ಡಿಯೇ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕ್) ಕೆಟ್ಟಿರುವುದು ಅಪರೂಪ. ವಿಂಡೋಸ್ ಕೂಡ ಒಳಗೆ ಸರಿಯಾಗಿಯೇ ಇರುತ್ತದೆ. ಅದನ್ನು ಎಬ್ಬಿಸುವ ದಾರಿ ಮಾತ್ರ ಎಲ್ಲೋ ತಪ್ಪಿರುತ್ತದೆ. ಹಾಗಾಗಿ ಅಳಿಸುವ ಮಾತಿಗಿಂತ ಮೊದಲು ಒಂದು ಪ್ರಶ್ನೆ: ವಿಂಡೋಸ್‌ಗಿಂತ ಮೊದಲೇ ಎಚ್ಚರಾಗುವ ಬಯೋಸ್‌ಗೆ ಡಿಸ್ಕ್ ಕಾಣುತ್ತಿದೆಯೇ? ಯಂತ್ರ ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಾ ಇರಿ, ಎಚ್‌ಪಿಯಲ್ಲಾದರೆ ಎಫ್10. ಅಲ್ಲಿನ ಪಟ್ಟಿಯಲ್ಲಿ ಹೊಸ ಡಿಸ್ಕಿನ ಹೆಸರಿದ್ದರೆ ತೊಂದರೆ ಸಾಫ್ಟ್‌ವೇರಿನದ್ದು, ಸ್ಕ್ರೂಡ್ರೈವರ್ ಕೆಳಗಿಡಿ. ಇಲ್ಲದಿದ್ದರೆ ಮಾತ್ರ ಮುಚ್ಚಳ ಬಿಚ್ಚುವ ಕೆಲಸ.

ಆ ಹಿರಿಯರ ಲ್ಯಾಪ್‌ಟಾಪಿನಲ್ಲಿ ಹೆಸರು ಕಾಣುತ್ತಿತ್ತು. ಅಳಿಯ ಮಾಡಿದ ತಪ್ಪು ಬಹಳ ಜನ ಮಾಡುವಂಥದ್ದೇ: ಹಳೆಯ ಹಾರ್ಡ್ ಡಿಸ್ಕಿನಿಂದ ಸಿ ಡ್ರೈವ್ ಒಂದನ್ನೇ ಕ್ಲೋನ್ (ಯಥಾವತ್ ನಕಲು) ಮಾಡಿದ್ದ. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ, ಅದು ಬಂದರೆ ಸಾಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಯುಇಎಫ್‌ಐ (ಈಚಿನ ಬಗೆಯ ಬಯೋಸ್) ಇರುವ ಯಂತ್ರ ನೇರವಾಗಿ ಸಿ ಡ್ರೈವಿಗೆ ಹೋಗುವುದಿಲ್ಲ. ಮೊದಲು ಇಎಫ್‌ಐ ಎಂಬ ಪುಟ್ಟ ಪಾರ್ಟಿಶನ್ (ಡಿಸ್ಕಿನ ಒಂದು ಭಾಗ) ಹುಡುಕುತ್ತದೆ. ಸಾಮಾನ್ಯವಾಗಿ 100 ಎಂಬಿಯಷ್ಟು ಜಾಗ, ಫ್ಯಾಟ್32 ಎಂಬ ಫೈಲ್ ಜೋಡಣೆಯ ರೂಪ, ಸಿ, ಡಿಯಂಥ ಅಕ್ಷರದ ಹೆಸರಿಲ್ಲ. ಹಾಗಾಗಿ ಮೈ ಕಂಪ್ಯೂಟರ್ ತೆರೆದರೆ ಕಣ್ಣಿಗೇ ಬೀಳುವುದಿಲ್ಲ. ವಿಂಡೋಸ್ ಎಲ್ಲಿದೆ, ಹೇಗೆ ಎಬ್ಬಿಸಬೇಕು ಎಂಬ ಮಾಹಿತಿಯೆಲ್ಲ ಇರುವುದು ಅದರಲ್ಲಿ. ಅದು ಬಾರದೆ ಸಿ ಡ್ರೈವ್ ಬಂದರೆ ಮನೆ ಇದೆ, ಬಾಗಿಲಿಲ್ಲ ಎಂಬಂತಾಗುತ್ತದೆ.

ಕ್ಲೋನ್ ಮಾಡುವಾಗ ಇಡೀ ಡಿಸ್ಕನ್ನೇ ಆರಿಸಿಕೊಂಡರೆ ಈ ತಾಪತ್ರಯವೇ ಇಲ್ಲ. ಆಗಿಹೋಗಿದ್ದರೂ ರಿಪೇರಿ ಕಷ್ಟವಲ್ಲ. 8 ಜಿಬಿಯ ಪೆನ್‌ಡ್ರೈವಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಅದರಿಂದ ಬೂಟ್ ಮಾಡಬೇಕು. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಕಿಟಕಿ ತೆರೆಯುತ್ತದೆ. ಅಲ್ಲಿ ಡಿಸ್ಕನ್ನು ಭಾಗ ಮಾಡುವ ಡಿಸ್ಕ್‌ಪಾರ್ಟ್‌ನಲ್ಲಿ ಸಿ ಡ್ರೈವನ್ನು ಐನೂರು ಎಂಬಿಯಷ್ಟು ಕುಗ್ಗಿಸಿ, ಆ ಜಾಗದಲ್ಲಿ ಇಎಫ್‌ಐ ಪಾರ್ಟಿಶನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಒಂದು ಅಕ್ಷರ ಕೊಡಿ. ನಂತರ ಬಿಸಿಡಿಬೂಟ್ ಆಜ್ಞೆಗೆ ವಿಂಡೋಸ್ ಫೋಲ್ಡರನ್ನೂ ಈ ಹೊಸ ಅಕ್ಷರವನ್ನೂ ತೋರಿಸಿದರೆ ಬೂಟ್ ಫೈಲುಗಳನ್ನು ಅದೇ ಬರೆದುಕೊಳ್ಳುತ್ತದೆ. ಒಂದು ಎಚ್ಚರ ಬೇಕು: ಪೆನ್‌ಡ್ರೈವಿನಿಂದ ಎದ್ದಾಗ ನಿಮ್ಮ ಸಿ ಡ್ರೈವಿಗೆ ಬೇರೆ ಅಕ್ಷರ ಬಿದ್ದಿರಬಹುದು. ವಿಂಡೋಸ್ ಫೋಲ್ಡರ್ ಯಾವುದರಲ್ಲಿದೆ ಎಂದು ಕಣ್ಣಾರೆ ನೋಡದೆ, ಡಿಸ್ಕಿನ ಅಳತೆ ಹೋಲಿಸಿ ನೋಡದೆ ಡಿಸ್ಕ್‌ಪಾರ್ಟ್‌ನಲ್ಲಿ ಎಂಟರ್ ಒತ್ತಬೇಡಿ. ತಪ್ಪು ಡಿಸ್ಕ್ ಆರಿಸಿದರೆ ಅದು ಮರುಪ್ರಶ್ನೆ ಕೇಳುವುದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಬಲೆ, ಹಳೆಯ ಡಿಸ್ಕನ್ನು ಜೋಡಿಸಿಟ್ಟುಕೊಂಡೇ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕುವುದು. ಹಳೆಯದರಲ್ಲಿ ಆಗಲೇ ಇಎಫ್‌ಐ ಪಾರ್ಟಿಶನ್ ಇರುವುದರಿಂದ ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಅದರಲ್ಲೇ ಬರೆದುಬಿಡುವುದುಂಟು. ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಆರು ತಿಂಗಳ ಮೇಲೆ ಹಳೆಯ ಡಿಸ್ಕ್ ಕೈಕೊಟ್ಟ ದಿನ, ಅಥವಾ ನೀವೇ ಅದನ್ನು ತೆಗೆದ ದಿನ, ಹೊಸದೂ ಏಳುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಹೊಸ ಎಸ್‌ಎಸ್‌ಡಿ ಒಂದೇ ಇರಲಿ. ಕ್ಲೋನ್ ಆದ ಮೇಲೂ ಮೊದಲ ಬಾರಿ ಎಬ್ಬಿಸುವಾಗ ಹಳೆಯದನ್ನು ಬಿಚ್ಚಿಡಿ. ಎರಡಕ್ಕೂ ಒಂದೇ ಗುರುತಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ.

ಬಯೋಸ್‌ಗೆ ಕಂಡ ಡಿಸ್ಕ್ ವಿಂಡೋಸ್ ಇನ್‌ಸ್ಟಾಲರ್‌ಗೆ ಮಾತ್ರ ಕಾಣದಿದ್ದರೆ ಅದರ ಕಾರಣ ಬೇರೆ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕುಗಳನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿರುತ್ತದೆ. ಕಂಪನಿಯ ವೆಬ್‌ಸೈಟಿನಿಂದ ಅದರ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕ್ ಆರಿಸುವ ಪರದೆಯಲ್ಲಿ ಲೋಡ್ ಡ್ರೈವರ್ ಒತ್ತಿ ಕೊಟ್ಟರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಎಸ್‌ಎಸ್‌ಡಿಯನ್ನು ಅಂಗಡಿಗೆ ಹಿಂತಿರುಗಿಸಿದವರನ್ನು ನೋಡಿದ್ದೇನೆ. ಇನ್ನು ಆಗಲೇ ಇರುವ ವಿಂಡೋಸ್ ಏಳುವಾಗ ನೀಲಿ ಪರದೆ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದರೆ, ಬಯೋಸ್ ಡಿಸ್ಕಿನೊಡನೆ ಮಾತಾಡುವ ಬಗೆಯಾದ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೋ ಎಎಚ್‌ಸಿಐಯಿಂದ ರೇಡ್‌ಗೋ ಬದಲಾಗಿರುವ ಸಾಧ್ಯತೆ ಹೆಚ್ಚು. ಹಿಂದಿದ್ದ ಮೋಡಿಗೇ ಮರಳಿಸಿ ನೋಡಿ.

ಲೆಗಸಿ ಮೋಡಿನ (ಯುಇಎಫ್‌ಐಗೂ ಹಿಂದಿನ ಬಯೋಸ್ ಕ್ರಮದಲ್ಲಿ ಏಳುವ) ಹಳೆಯ ಯಂತ್ರಗಳ ಕಥೆ ಬೇರೆ. ವಿಂಡೋಸ್ 10ರ ಉಚಿತ ಬೆಂಬಲ 14 ಅಕ್ಟೋಬರ್ 2025ಕ್ಕೆ ನಿಂತ ಮೇಲೆ ಎಸ್‌ಎಸ್‌ಡಿ ಹಾಕುವುದು, 11ಕ್ಕೆ ಹೋಗುವುದು ಎರಡನ್ನೂ ಒಂದೇ ದಿನ ಮಾಡಲು ಹೊರಡುವವರು ಹೆಚ್ಚಾಗಿದ್ದಾರೆ. 11ಕ್ಕೆ ಯುಇಎಫ್‌ಐ ಬೇಕು ಎಂದು ಬಯೋಸ್‌ನಲ್ಲಿ ಮೋಡ್ ಬದಲಿಸುತ್ತಾರೆ. ಡಿಸ್ಕ್ ಮಾತ್ರ ಎಂಬಿಆರ್ ಎಂಬ ಹಳೆಯ ಪಾರ್ಟಿಶನ್ ಪಟ್ಟಿಯ ರೂಪದಲ್ಲೇ ಇರುತ್ತದೆ, ಏಳುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಎಂಬಿಆರ್‌2ಜಿಪಿಟಿ ಎಂಬ ಸಾಧನವು ಫೈಲುಗಳನ್ನು ಅಳಿಸದೆ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ರೂಪಕ್ಕೆ ಬದಲಿಸುತ್ತದೆ, ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು. ಮೊದಲು ಡಿಸ್ಕ್ ಬದಲಿಸಿ, ಒಂದು ವಾರ ಓಡಿಸಿ ನೋಡಿ, ಆಮೇಲೆ ಮೋಡಿನ ಕೆಲಸಕ್ಕೆ ಕೈಹಾಕಿ.

ಬಯೋಸ್‌ಗೇ ಕಾಣದಿದ್ದರೆ? ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಯಲ್ಲಿ ಎರಡು ಜಾತಿ, ಸಾಟಾ ಮತ್ತು ಎನ್‌ವಿಎಂಇ. ಕೆಲವು ಸಂದುಗಳಲ್ಲಿ ಒಂದು ಜಾತಿ ಮಾತ್ರ ನಡೆಯುತ್ತದೆ, ಇನ್ನೊಂದು ಹೊಂದಿಕೊಂಡಂತೆ ಕಂಡರೂ ಸುಮ್ಮನೆ ಕೂತಿರುತ್ತದೆ. ಕೊಳ್ಳುವ ಮೊದಲೇ ಮಾಡೆಲ್ ನಂಬರ್ ಹಿಡಿದು ನೋಡಿಕೊಳ್ಳಬೇಕು. ಡೆಸ್ಕ್‌ಟಾಪ್ ಆದರೆ ಸಾಟಾ ಕೇಬಲ್ ಬದಲಿಸಿ ನೋಡಿ. ಕಾರವಾರ, ಅಂಕೋಲಾದಿಂದ ಘಟ್ಟ ಹತ್ತಿ ಬರುವ ಯಂತ್ರಗಳ ಮುಚ್ಚಳ ತೆಗೆದರೆ ಉಪ್ಪುಗಾಳಿಗೆ ಹಸಿರುಗಟ್ಟಿದ ತಾಮ್ರ ಕಾಣಸಿಗುತ್ತದೆ. ಅಂಥಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ರ‍್ಯಾಮನ್ನೂ ತೆಗೆದು ಮತ್ತೆ ಕೂರಿಸುತ್ತೇನೆ. ಆನ್ ಮಾಡಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತಿದ್ದರೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಮುಗಿದಿದೆ. ಕರೆಂಟ್ ಹೋದಾಗಲೆಲ್ಲ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುವುದರಿಂದ ಯಾವ ಡಿಸ್ಕಿನಿಂದ ಮೊದಲು ಏಳಬೇಕು ಎಂಬ ಸರದಿಯೂ ಅದಲುಬದಲಾಗುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನವೆಲ್ಲಿ?

ಇಷ್ಟಕ್ಕೆಲ್ಲ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಬಂದವರಿಗೆಲ್ಲ ಕೈಹಿಡಿದು ಹೇಳುತ್ತೇನೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ನಿಮಗೆ ತಿಳಿಯದೆಯೇ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಬಯೋಸ್‌ನಲ್ಲಿ ಕೆಲವು ಸೆಟ್ಟಿಂಗ್ ಬದಲಿಸಿದರೆ ಸಾಕು, ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನದ್ದನ್ನು ನಾನಲ್ಲ, ಯಾರೂ ತೆಗೆದುಕೊಡಲಾರರು. ಮಗಳ ಮದುವೆಯ ಫೋಟೋಗಳನ್ನು ಹೀಗೆ ಕಳೆದುಕೊಂಡ ತಾಯಿಯೊಬ್ಬರು ಅಂಗಡಿಯಲ್ಲಿ ಕೂತು ಅತ್ತದ್ದು ನನಗೆ ಮರೆತಿಲ್ಲ. ಯಂತ್ರ ಸರಿಯಿರುವಾಗಲೇ ಖಾತೆಗೆ ಹೋಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ. ಡಿಸ್ಕ್ ಬದಲಿಸುವ ಮುನ್ನ ಬೀಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿ.

ಆ ಹಿರಿಯರ ಲ್ಯಾಪ್‌ಟಾಪ್ ಮಧ್ಯಾಹ್ನದೊಳಗೆ ಎದ್ದಿತು. ಆದರೆ ಆಟಗಳು ಕಾಣಲಿಲ್ಲ, ಅವರ ಮುಖ ಬಾಡಿತು. ಅವೆಲ್ಲ ಇದ್ದದ್ದು ಡಿ ಡ್ರೈವಿನಲ್ಲಿ, ಅಳಿಯ ತಂದಿದ್ದು ಸಿ ಮಾತ್ರ. "ಹಳೇ ಡಿಸ್ಕ್ ಎಲ್ಲಿದ್ದು?" ಎಂದೆ. ಚೀಲದ ತಳದಿಂದ ಪೇಪರಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ತೆಗೆದರು. ಯುಎಸ್‌ಬಿ ಕೇಸಿಗೆ ಹಾಕಿ ಒಂದು ಫೈಲ್ ಒತ್ತಿದೆ, ಚಂಡೆ ಕೇಳಿತು. ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಿಕೊಟ್ಟು, ಹಳೆಯದರ ಮೇಲೆ ತಾರೀಕು ಬರೆದು, ಇದನ್ನು ಯಾರೂ ಅಳಿಸಬೇಡಿ ಎಂದು ಚೀಟಿ ಅಂಟಿಸಿ ಅವರ ಕೈಗಿಟ್ಟೆ.